ಮರಗಟ್ಟಲು ಒಂದು ಗಂಟೆ

ಮಾರ್ಚ್ ೨, ಭಾನುವಾರ

…ಹಚ್ಚುವುದಲ್ಲ, ಇಡುವುದು. ಹೀಗೆ ಅಂದದ್ದು ಔಷಧಿ ಅಂಗಡಿಯ ಹೆಂಗಸೋ, ಫೋನಿನಲ್ಲಿ ಅಕ್ಕನ ಮಗಳೋ, ಈಗ ನೆನಪಾಗುತ್ತಿಲ್ಲ. ಇಬ್ಬರೂ ಒಂದೇ ದಿನ ಒಂದೇ ವಿಷಯ ಹೇಳಿದರು. ಈ ಮುಲಾಮನ್ನು ಉಜ್ಜಿ ಹಚ್ಚಿದರೆ ಪ್ರಯೋಜನವಿಲ್ಲವಂತೆ. ಗುಪ್ಪೆಯಾಗಿ ಇಟ್ಟು, ಮೇಲೆ ತೆಳು ಪ್ಲಾಸ್ಟಿಕ್ ಮುಚ್ಚಿ, ಒಂದು ಗಂಟೆ ಸುಮ್ಮನಿರಬೇಕು. ಆಮೇಲೆ ಅಲ್ಲಿ ಸೂಜಿ ಹೋದರೂ ಚರ್ಮಕ್ಕೆ ಗೊತ್ತಾಗುವುದಿಲ್ಲ.

ಟ್ಯೂಬು ಕಿರುಬೆರಳಷ್ಟಿದೆ. ಪೆನ್ಸಿಲುಗಳ ಪಕ್ಕದಲ್ಲಿ ಇಟ್ಟಿದ್ದೇನೆ.

ವಿಷಯ ಇಷ್ಟು. ಅಕ್ಕನ ಮೂತ್ರಪಿಂಡಗಳು ಕೆಲಸ ನಿಲ್ಲಿಸಿ ನಾಲ್ಕು ತಿಂಗಳಾಯಿತು. ವಾರಕ್ಕೆ ಮೂರು ದಿನ ಡಯಾಲಿಸಿಸ್. ಇಷ್ಟು ದಿನ ಕುತ್ತಿಗೆಗೆ ಹಾಕಿದ್ದ ನಳಿಕೆಯಿಂದ ನಡೆಯುತ್ತಿತ್ತು. ಈಗ ಅದನ್ನು ತೆಗೆದುಬಿಡುತ್ತಾರೆ. ಇನ್ನು ಮುಂದೆ ಎಡತೋಳಿಗೆ, ಸಲಕ್ಕೆ ಎರಡು ಸೂಜಿ. ಸೂಜಿ ಅನ್ನುವುದು ಮರ್ಯಾದೆಗೆ, ನಿಜವಾಗಿ ದಬ್ಬಣ. ಹೋದ ವಾರ ಅದನ್ನು ನೋಡಿ ಅಕ್ಕ ಎರಡು ಸಲ ಕುರ್ಚಿಯಿಂದ ಎದ್ದು ಮನೆಗೆ ಬಂದಿದ್ದಾಳೆ. ಡಯಾಲಿಸಿಸ್ ಬಿಟ್ಟರೆ ಹತ್ತು ಹದಿನೈದು ದಿನ ಎಂದು ವೈದ್ಯರು ಅವಳ ಮಗಳಿಗೆ ಹೇಳಿದ್ದಾರೆ.

ಮಗಳಿಗೆ ಹಾಲಿನ ಕಾರ್ಖಾನೆಯಲ್ಲಿ ಬೆಳಗಿನ ನಾಲ್ಕರ ಪಾಳಿ. "ಮಾಮಾ, ನೋವಾಗದಿದ್ರೆ ಹೋಗ್ತಾಳೆ. ನೀವೊಬ್ರು ಬಂದು ಇದನ್ನ ಇಟ್ಟು ಹೋಗಿ" ಅಂದಳು. ಅಕ್ಕನಿಗೆ ಆ ತೋಳನ್ನು ನೋಡಲೂ ಆಗುವುದಿಲ್ಲವಂತೆ. ಒಂದೇ ಕೈಯಲ್ಲಿ ಪ್ಲಾಸ್ಟಿಕ್ ಸುತ್ತಲೂ ಬರುವುದಿಲ್ಲ.

ಅಕ್ಕನೂ ನಾನೂ ಮಾತಾಡಿ ಹನ್ನೊಂದು ವರ್ಷ. ಅಮ್ಮನ ಕೊನೆಯ ವಾರದ ವಿಷಯ. ನನ್ನನ್ನೇ ಕರೆ ಅಂದದ್ದು ಅಕ್ಕನೇ ಎಂದು ಮಗಳು ಎರಡು ಸಲ ಹೇಳಿದಳು. ಒಂದು ಸಲ ಹೇಳಿದ್ದರೆ ನಂಬುತ್ತಿದ್ದೆ.

ಮಾರ್ಚ್ ೩, ಸೋಮವಾರ

೬:೨೦ಕ್ಕೆ ತಲುಪಿದೆ. ಮೂರನೆಯ ಮಹಡಿ. ಬಾಗಿಲು ತೆಗೆದೇ ಇತ್ತು. ಬಂದ್ಯಾ ಅಂದಳು. ಬಂದೆ ಅಂದೆ. ಹನ್ನೊಂದು ವರ್ಷದ ಮೇಲಿನ ಮಾತುಕತೆ ಅಷ್ಟಕ್ಕೆ ಮುಗಿಯಿತು.

ಅಡುಗೆಮನೆಯ ಮೇಜು. ಅವಳು ತೋಳು ಚಾಚಿ, ಮುಖ ಗೋಡೆಯ ಕಡೆ ತಿರುಗಿಸಿಕೊಂಡಳು. ಮಣಿಕಟ್ಟಿನಿಂದ ಮೊಣಕೈವರೆಗೆ ಚರ್ಮದಡಿ ಒಂದು ನಾಳ ಹಗ್ಗದ ಹಾಗೆ ಉಬ್ಬಿದೆ. ಎರಡು ರಕ್ತನಾಳಗಳನ್ನು ಮಣಿಕಟ್ಟಿನ ಹತ್ತಿರ ಸೇರಿಸಿ ಹೊಲಿದಿದ್ದಾರೆ. ಬೆರಳಿಟ್ಟರೆ ಗುಂಯ್ ಅನ್ನುತ್ತದೆ, ಫ್ರಿಜ್ಜಿನ ಬಾಗಿಲಿಗೆ ಕೈಯಿಟ್ಟ ಹಾಗೆ. ನೀರು ಸರಬರಾಜು ಕಚೇರಿಯಲ್ಲಿ ಇಪ್ಪತ್ತೆಂಟು ವರ್ಷ ಕೊಳವೆಗಳ ನಕ್ಷೆ ಬರೆದವನಿಗೆ ಇದರಲ್ಲಿ ಅರ್ಥವಾಗದ್ದು ಏನೂ ಇಲ್ಲ. ಒಂದು ಸೂಜಿಯಿಂದ ರಕ್ತ ಹೊರಗೆ, ಇನ್ನೊಂದರಿಂದ ಶುದ್ಧವಾಗಿ ಒಳಗೆ. ಸೂಜಿ ಹಾಕುವ ಎರಡು ಕಡೆ ನರ್ಸು ನೀಲಿ ಪೆನ್ನಿನಲ್ಲಿ ಚುಕ್ಕೆ ಇಟ್ಟು ಕಳಿಸಿದ್ದಳು. ಚುಕ್ಕೆಯ ಮೇಲೆ ಮುಲಾಮು ಇಟ್ಟೆ. ಪ್ಲಾಸ್ಟಿಕ್ ಸುತ್ತಿದೆ. ೬:೩೪.

ಟೀ ಬೇಕಾ ಅಂದಳು. ಬೇಡ ಅಂದೆ. ಅವಳು ಕುಡಿಯುವ ಹಾಗಿಲ್ಲ, ದಿನಕ್ಕೆ ಮುಕ್ಕಾಲು ಲೀಟರಿನ ಲೆಕ್ಕ. ಆಫೀಸು ಎಷ್ಟೊತ್ತಿಗೆ ಅಂದಳು. ಹತ್ತಕ್ಕೆ ಅಂದೆ. ಇದಿಷ್ಟಕ್ಕೆ ನಾಲ್ಕು ನಿಮಿಷ ಹಿಡಿಯಿತು. ಮಿಕ್ಕ ಐವತ್ತಾರು ನಿಮಿಷ ನಲ್ಲಿ ತೊಟ್ಟಿಕ್ಕುವುದನ್ನು ಇಬ್ಬರೂ ಕೇಳಿದೆವು.

೭:೩೪ಕ್ಕೆ ಒರೆಸಿದೆ. ಆ ಜಾಗ ತುಂಬ ಹೊತ್ತು ನೀರಲ್ಲಿ ನೆನೆದ ಹಾಗೆ ಬೆಳ್ಳಗಾಗಿತ್ತು. ಡಯಾಲಿಸಿಸ್ ಕೇಂದ್ರ ಹತ್ತು ನಿಮಿಷದ ದಾರಿ. ಬಾಗಿಲವರೆಗೆ ಬಿಟ್ಟು ಕಚೇರಿಗೆ ಹೋದೆ. ಮಧ್ಯಾಹ್ನ ಮಗಳಿಂದ ಒಂದೇ ಪದದ ಸಂದೇಶ: ಕೂತಳು.

ಮಾರ್ಚ್ ೪, ಮಂಗಳವಾರ

ಡಬ್ಬಿಯೊಳಗಿನ ಸೂಚನೆಯ ಹಾಳೆ ಪೂರ್ತಿ ಓದಿದೆ. ಮಕ್ಕಳಿಗೆ ಚುಚ್ಚುಮದ್ದು ಕೊಡುವ ಮೊದಲು, ರಕ್ತ ತೆಗೆಯುವ ಮೊದಲು, ಚರ್ಮದ ಮೇಲಿನ ಸಣ್ಣ ಗಂಟು ಕತ್ತರಿಸುವ ಮೊದಲು ಬಳಸಬಹುದು. ಒಡೆದ ಚರ್ಮಕ್ಕೆ ಬೇಡ. ಕಣ್ಣಿನ ಹತ್ತಿರ ಬೇಡ. ತುಂಬ ಜಾಗಕ್ಕೆ ಬೇಡ.

ಗೊತ್ತಿಲ್ಲದ ವಸ್ತುವನ್ನು ಇನ್ನೊಬ್ಬರ ಮೇಲೆ ಬಳಸುವುದು ಸರಿಯಲ್ಲವೆಂದು ನನ್ನ ಎಡಗೈಯ ಹಿಂಬದಿಗೆ ಇಟ್ಟು ನೋಡಿದೆ. ನಲವತ್ತನೆಯ ನಿಮಿಷಕ್ಕೆ ಕೈವಾರದ ಮುಳ್ಳಿನಿಂದ ಚುಚ್ಚಿದರೆ ನೋವಿತ್ತು. ಅರವತ್ತಕ್ಕೆ ಇರಲಿಲ್ಲ. ಮುಳ್ಳು ತಾಗಿದ್ದು ತಿಳಿಯುತ್ತದೆ, ಒತ್ತಿದ್ದು ತಿಳಿಯುತ್ತದೆ, ಚುಚ್ಚಿದ್ದು ಮಾತ್ರ ತಿಳಿಯುವುದಿಲ್ಲ. ಒಂದು ಹನಿ ರಕ್ತ ಬಂತು. ಬೇರೆ ಯಾರದೋ ಕೈ ನೋಡಿದ ಹಾಗೆ ನೋಡಿದೆ.

ಮಾರ್ಚ್ ೭, ಶುಕ್ರವಾರ

೬:೨೫ರಿಂದ ೭:೨೫. ನಲ್ಲಿಗೆ ಹೊಸ ವಾಷರ್ ಹಾಕಿಕೊಟ್ಟೆ.

ಮಾರ್ಚ್ ೧೦, ಸೋಮವಾರ

ನಲ್ಲಿ ನಿಂತ ಮೇಲೆ ಗಂಟೆ ಇನ್ನೂ ಉದ್ದವಾಗಿದೆ.

ಮಾರ್ಚ್ ೧೪, ಶುಕ್ರವಾರ

ಬುಧವಾರ ನರ್ಸು ಇಟ್ಟ ಚುಕ್ಕೆಗಳು ಅಕ್ಕನ ಸ್ನಾನದಲ್ಲಿ ಅಳಿಸಿಹೋಗಿದ್ದವು. ಅಂದಾಜಿನ ಮೇಲೆ ಇಟ್ಟೆ. ಒಂದು ಬೆರಳಿನಷ್ಟು ಆಚೆ ಹೋಯಿತಂತೆ. ಸೂಜಿ ಹಾಕುವಾಗ ಅಕ್ಕ ಕೂಗಿದ್ದು ಹೊರಗಿನ ಬೆಂಚಿನವರೆಗೂ ಕೇಳಿಸಿತೆಂದು ಮಗಳು ಹೇಳಿದಳು. ಇನ್ನು ಹೋಗುವುದಿಲ್ಲ ಎಂದು ಅಕ್ಕ ಸಂಜೆಯವರೆಗೆ ಹಟ ಹಿಡಿದಿದ್ದಳಂತೆ.

ಕೇಂದ್ರಕ್ಕೆ ಹೋಗಿ ನರ್ಸನ್ನು ಕಂಡೆ. ದಪ್ಪ ಕನ್ನಡಕ, ಕೈಯಲ್ಲಿ ಸದಾ ಇನ್ನೊಬ್ಬರ ಫೈಲು. ಒಂದೇ ಕಡೆ ಚುಚ್ಚಿದರೆ ನಾಳ ಸವೆಯುತ್ತದೆ, ಆದ್ದರಿಂದ ತೋಳಿನ ಉದ್ದಕ್ಕೂ ಆರು ಜಾಗ ಗೊತ್ತುಮಾಡಿಕೊಂಡಿದ್ದೇವೆ ಅಂದಳು. ಸೋಮವಾರ ಒಂದು ಮತ್ತು ನಾಲ್ಕು, ಬುಧವಾರ ಎರಡು ಮತ್ತು ಐದು, ಶುಕ್ರವಾರ ಮೂರು ಮತ್ತು ಆರು. ಇಷ್ಟು ಚೆನ್ನಾದ ಪದ್ಧತಿ ಇಟ್ಟುಕೊಂಡು ಪೆನ್ನಿನ ಚುಕ್ಕೆ ಯಾಕೆ? ನಂಬರೇ ಸಾಕು, ನಾನು ನಕ್ಷೆ ಬರೆದುಕೊಳ್ಳುತ್ತೇನೆ ಅಂದೆ. ಬರ್ಕೊಳ್ಳಿ ಸರ್ ಅಂದಳು.

ಮಾರ್ಚ್ ೧೬, ಭಾನುವಾರ

ಅಕ್ಕನ ಮನೆಯಲ್ಲಿ ಎರಡೂವರೆ ಗಂಟೆ. ಅವಳ ತೋಳನ್ನು ಹಾಳೆಯ ಮೇಲಿಟ್ಟು ಗೆರೆ ತೆಗೆದೆ. ನಾಳವನ್ನು ನೀಲಿಯಲ್ಲಿ, ಹೊಲಿಗೆಯ ಕಲೆಯನ್ನು ಕಂದು ಬಣ್ಣದಲ್ಲಿ, ಹಿಂದೆ ಚುಚ್ಚಿದ ಆರು ಜಾಗಗಳನ್ನು ಕೆಂಪು ವೃತ್ತದಲ್ಲಿ. ಒಂದಕ್ಕೊಂದು ಎರಡು ಸೆಂಟಿಮೀಟರ್. ನಮ್ಮ ಕಚೇರಿಯಲ್ಲಿ ಕವಾಟಗಳಿಗೆ ನಂಬರು ಕೊಡುವುದು ನೀರು ಹರಿಯುವ ದಿಕ್ಕಿನಲ್ಲಿ, ಮೂಲದಿಂದ ಶುರುಮಾಡಿ. ಇಲ್ಲಿ ಮೂಲ ಮಣಿಕಟ್ಟಿನ ಹೊಲಿಗೆ. ಅಲ್ಲಿಂದ ಒಂದು, ಎರಡು, ಮೂರು. ಮೊಣಕೈ ಹತ್ತಿರ ಆರು.

ಬಹಳ ದಿನದ ಮೇಲೆ ಕೈಯಲ್ಲಿ ಬರೆದ ನಕ್ಷೆ. ಈಗೆಲ್ಲ ಕಂಪ್ಯೂಟರು. ಅಕ್ಷರ ಚೆನ್ನಾಗಿ ಬಂದಿದೆ.

ಅಕ್ಕ ಮೊದಲ ಸಲ ತನ್ನ ತೋಳನ್ನು ನೋಡಿದಳು, ಹಾಳೆಯ ಮೇಲಿನದನ್ನು. ತುಂಬ ಹೊತ್ತು ನೋಡಿ, "ನನ್ನದೇ ಅನ್ಸುತ್ತೆ" ಅಂದಳು. ಅಡುಗೆಮನೆಯ ಗೋಡೆಗೆ ಅಂಟಿಸಿದ್ದೇವೆ.

ಮಾರ್ಚ್ ೨೬, ಬುಧವಾರ

ಬುಧವಾರಗಳಲ್ಲಿ ಅವಳ ಮನಸ್ಸು ಸರಿಯಿರುತ್ತದೆ. ಇವತ್ತು ಕೇಂದ್ರದಿಂದ ಫೋನು ಮಾಡಿ, ಪಕ್ಕದ ಹಾಸಿಗೆಯವನು ನಿದ್ದೆಯಲ್ಲಿ ಹೆಂಡತಿಯ ಕ್ಷಮೆ ಕೇಳುತ್ತಾನೆ, ಎಚ್ಚರವಾದರೆ ಅವಳನ್ನೇ ಬೈಯುತ್ತಾನೆ ಎಂದು ನಕ್ಕಳು. "ಏ ಗೀಟು, ಕೇಳ್ತಿದ್ದೀಯಾ?" ಅಂದಳು. ಚಿಕ್ಕವನಿದ್ದಾಗ ನಾನು ಗೋಡೆ ತುಂಬ ಗೀಟು ಎಳೆಯುತ್ತಿದ್ದೆ, ಆ ಹೆಸರು. ಕೇಳ್ತಿದ್ದೀನಿ ಅಂದೆ.

ಸೋಮವಾರ ಶುಕ್ರವಾರ ಫೋನಿಲ್ಲ. ಬುಧವಾರ ಕೇಂದ್ರದ ಟಿವಿಯಲ್ಲಿ ಏನಾದರೂ ಒಳ್ಳೆಯದು ಬರುತ್ತದೇನೋ.

ಏಪ್ರಿಲ್ ೨, ಬುಧವಾರ

ಕೇಳಿದೆ. ಟಿವಿ ಕೆಟ್ಟು ಎರಡು ತಿಂಗಳಾಯಿತಂತೆ.

ಏಪ್ರಿಲ್ ೯, ಬುಧವಾರ

ಆರನೆಯ ಟ್ಯೂಬು ತಂದೆ. ಔಷಧಿ ಅಂಗಡಿಯ ಹೆಂಗಸಿಗೆ ಈಗ ನನ್ನ ಗುರುತಿದೆ. ಅಂಗಡಿ ಖಾಲಿಯಿತ್ತು, ಹಾಗಾಗಿ ಪಾಠ ಮಾಡಿದಳು. ಇದರಲ್ಲಿ ಲಿಗ್ನೊಕೇನ್, ಪ್ರಿಲೊಕೇನ್ ಎಂದು ಎರಡು ಔಷಧಿ. ಬೇರೆಬೇರೆ ಇದ್ದಾಗ ಎರಡೂ ಗಟ್ಟಿ ಹರಳು. ಸೇರಿಸಿದರೆ ಬಿಸಿ ಮಾಡದೆಯೇ ಎರಡೂ ಕರಗಿ ಎಣ್ಣೆಯಾಗುತ್ತವೆ. ಹಾಗೆ ಕರಗಿದ್ದರಿಂದಲೇ ಚರ್ಮದೊಳಗೆ ಇಳಿಯುತ್ತದಂತೆ. ಒಳ್ಳೆಯ ಏರ್ಪಾಡು ಅಂದೆ.

ಟೀಯಲ್ಲಿ ಅಕ್ಕ ಈಚೆಗೆ ಸಕ್ಕರೆ ಮರೆಯುತ್ತಾಳೆ. ಎರಡು ಸಲ ಹೇಳಿದ್ದೇನೆ.

ಏಪ್ರಿಲ್ ೧೮, ಶುಕ್ರವಾರ

ಬೆಳಿಗ್ಗೆ ಅವಳ ಕೆಳತುಟಿಯ ಒಳಗೆ ಹಲ್ಲಿನ ಗಾಯ ಕಂಡಿತು. ನಿದ್ದೆಯಲ್ಲಿ ಕಚ್ಚಿಕೊಂಡೆ ಅಂದಳು. ಕೈಗಡಿಯಾರ ಮನೆಯಲ್ಲೇ ಬಿಟ್ಟು ಹೋಗಿದ್ದೆ. ಅವಳ ಗೋಡೆ ಗಡಿಯಾರ ಏಳು ನಿಮಿಷ ಹಿಂದೆ.

ಏಪ್ರಿಲ್ ೨೧, ಸೋಮವಾರ

ಕನ್ನಡಕದ ನರ್ಸು ರಜೆ. ಬದಲಿಗೆ ಬಂದವಳು ಅಕ್ಕನ ತೋಳನ್ನು ದೀಪದ ಕೆಳಗೆ ಹಿಡಿದು, ನಾನು ಇನ್ನೂ ಬಾಗಿಲಲ್ಲಿ ಇದ್ದುದನ್ನು ಕಂಡು ಒಳಗೆ ಕರೆದಳು.

"ಸರ್, ಬೆಳ್ಳಗಾಗಿರೋದು ಇಲ್ಲಿ. ಚುಚ್ಚೋದು ಅಲ್ಲಿ. ನೀವು ಯಾವುದಕ್ಕೆ ಇಡ್ತಿದ್ದೀರಾ?"

ಒಂದಕ್ಕೆ ಮತ್ತು ನಾಲ್ಕಕ್ಕೆ ಅಂದೆ. ಅವಳು ಫೈಲು ತೆಗೆದು ತೋರಿಸಿದಳು. ಇವರ ಒಂದು ಮೊಣಕೈ ಹತ್ತಿರ. ಇವರ ಆರು ಮಣಿಕಟ್ಟಿನ ಹತ್ತಿರ. ಅಲ್ಲಿ ಎಲ್ಲರೂ ಮೇಲಿಂದ ಕೆಳಗೆ ಎಣಿಸುತ್ತಾರಂತೆ. ಎಷ್ಟು ವರ್ಷದಿಂದಲೋ ಹಾಗೆಯೇ.

ಅಂದರೆ ಸೋಮವಾರ ನಾನು ಮಣಿಕಟ್ಟಿನ ಕಡೆಯಿಂದ ಒಂದು, ನಾಲ್ಕಕ್ಕೆ ಇಟ್ಟರೆ ಅವರು ಚುಚ್ಚಿದ್ದು ನನ್ನ ಆರಕ್ಕೆ, ಮೂರಕ್ಕೆ. ಶುಕ್ರವಾರವೂ ಎರಡೂ ತಪ್ಪು. ಬುಧವಾರ ಮಾತ್ರ ಎರಡು ಮತ್ತು ಐದು ಯಾವ ಕಡೆಯಿಂದ ಎಣಿಸಿದರೂ ಅವೇ ಎರಡು ಜಾಗ. ಬುಧವಾರದ ನಗುವಿಗೆ ಕಾರಣ ಅದು.

ಇವತ್ತು ಇನ್ನೊಂದು ಗಂಟೆ ತಡಮಾಡಿ, ಸರಿಯಾದ ಜಾಗಕ್ಕೆ ಇಟ್ಟು, ಚುಚ್ಚಿದರು. ಅಕ್ಕ ನನ್ನನ್ನು ನೋಡಲಿಲ್ಲ.

ಏಪ್ರಿಲ್ ೨೨, ಮಂಗಳವಾರ

ಐದು ಸೋಮವಾರ, ಐದು ಶುಕ್ರವಾರ. ಇಪ್ಪತ್ತು ಸೂಜಿ.

ಕಚೇರಿಯಲ್ಲಿ ನಕ್ಷೆ ತಪ್ಪಿದರೆ ರಸ್ತೆ ಅಗೆದವರು ಅದೇ ದಿನ ಬಂದು ಬೈಯುತ್ತಾರೆ.

ಏಪ್ರಿಲ್ ೨೩, ಬುಧವಾರ

ಮುಲಾಮು ಇಟ್ಟ ಮೇಲೆ ಕೇಳಿದೆ, ಯಾಕೆ ಹೇಳಲಿಲ್ಲ ಎಂದು. ಅವಳು ಗೋಡೆಯ ಮೇಲಿನ ನಕ್ಷೆ ನೋಡಿದಳು.

"ಅಷ್ಟು ಚೆಂದ ಬರೆದಿದ್ದೆ" ಅಂದಳು.

ಅಂದಗೆಟ್ಟರೂ ಪರವಾಗಿಲ್ಲ, ಬಾಯಿ ಬಿಡಬೇಕಿತ್ತು ಎಂದು ನಾನು ಸ್ವಲ್ಪ ಜೋರಾಗಿಯೇ ಅಂದೆನೆಂದು ಕಾಣುತ್ತದೆ. ಕೆಳಗಿನ ಮನೆಯವರು ಕಿಟಕಿ ಹಾಕಿಕೊಂಡರು. ಅಕ್ಕ ಸಮಾಧಾನವಾಗಿ ಹೇಳಿದಳು: ತಪ್ಪಾಗಿದೆ ಅಂದರೆ ನೀನು ಬರುವುದು ಬಿಡುತ್ತೀ ಅಂದುಕೊಂಡೆ. ಆಮೇಲೆ ನೋವಿಗೂ ರೂಢಿಯಾಯಿತು. ಬಾಯಿಗೆ ಸೆರಗು ತುರುಕಿಕೊಂಡರೆ ಎರಡು ನಿಮಿಷದ ಕೆಲಸ.

ಸೂಜಿಯ ಭಯಕ್ಕೆ ಎರಡು ಸಲ ಎದ್ದು ಬಂದವಳು ಇವಳೇ.

ನಂಬರು ತಿದ್ದಿದೆ. ಹಳೆಯವನ್ನು ಬ್ಲೇಡಿನಿಂದ ಕೆರೆದೆ, ಹಾಳೆ ಅಲ್ಲಲ್ಲಿ ಜುಂಗು ಎದ್ದಿದೆ.

ಏಪ್ರಿಲ್ ೨೮, ಸೋಮವಾರ

ಸೋಮವಾರ ಬುಧವಾರ ಶುಕ್ರವಾರ ಅರ್ಧ ದಿನದ ರಜೆಗೆ ಬರೆದುಕೊಟ್ಟೆ. ಕಾರಣ ಎಂಬಲ್ಲಿ 'ಪರಿಶೀಲನೆ' ಎಂದು ಬರೆದೆ. ಮೇಲಧಿಕಾರಿ ಯಾವ ಬಡಾವಣೆ ಎಂದು ಕೇಳಿದರು.

ನಾಲ್ಕು ಗಂಟೆ ಅವಳ ಪಕ್ಕದ ಸ್ಟೂಲಿನ ಮೇಲೆ ಕೂತೆ. ಯಂತ್ರದ ಚಕ್ರ ತಿರುಗುತ್ತದೆ, ಕೊಳವೆಯಲ್ಲಿ ರಕ್ತ ಹೋಗುತ್ತದೆ, ಬರುತ್ತದೆ. ಮೂರನೆಯ ಗಂಟೆಗೆ ಅವಳಿಗೆ ಕಾಲು ಸೆಟೆದುಕೊಂಡಿತು. ಹಿಮ್ಮಡಿ ಒತ್ತಿ ಹಿಡಿದುಕೊಂಡೆ. ಅದಕ್ಕೆ ಯಾವ ಮುಲಾಮೂ ಇಲ್ಲವಂತೆ, ನರ್ಸನ್ನು ಕೇಳಿದೆ. ಬಿಚ್ಚಿದ ಮೇಲೆ ಅರ್ಧ ಗಂಟೆ ಬೆಂಚಿನ ಮೇಲೆ ಮಲಗಿ ವಾಂತಿ ಮಾಡಿಕೊಂಡಳು. ಸೂಜಿ ಇದರಲ್ಲಿ ಎಲ್ಲಕ್ಕಿಂತ ಸಣ್ಣದು. ಇಷ್ಟು ದಿನ ನಾನು ನೋಡಿದ್ದು ಅದೊಂದನ್ನೇ.

ಮೇ ೫, ಸೋಮವಾರ

ಬೆಳಗಿನ ಗಂಟೆಯಲ್ಲಿ, ಪ್ಲಾಸ್ಟಿಕ್ ಸುತ್ತಿದ ಮೇಲೆ, ಅವಳು ಅಮ್ಮನ ವಿಷಯ ತೆಗೆದಳು.

ಅಮ್ಮ ಕೊನೆಗೆ ಮೂರು ವಾರ ಆಸ್ಪತ್ರೆಯಲ್ಲಿದ್ದಳು. ಚುಚ್ಚಲು ನರ ಸಿಗದೆ ಎರಡೂ ಕೈ ನೀಲಿಗಟ್ಟಿ, ಪಾದಕ್ಕೆ ಬಂದಿದ್ದರು. ಇನ್ನು ಬೇಡ ಎಂದು ಅಮ್ಮ ತಲೆಯಾಡಿಸಿದಳು. ನಾನು ವೈದ್ಯರಿಗೆ ಹೇಳಿದೆ, ಸಹಿ ಹಾಕಿದೆ. ಇನ್ನೂ ನೋಡೋಣ ಅನ್ನುತ್ತಿದ್ದವಳು ಅಕ್ಕ. ಅದಾದ ಮೇಲೆ ಮಾತು ಬಿಟ್ಟಳು.

ಇವತ್ತು ಅವಳು ಜಗಳ ತೆಗೆಯಲಿಲ್ಲ. ಹೋದ ವಾರವೇ ವೈದ್ಯರ ಹತ್ತಿರ ಒಬ್ಬಳೇ ಮಾತಾಡಿದ್ದಾಳೆ. ನಿಲ್ಲಿಸಿದರೆ ಏನಾಗುತ್ತದೆ, ಎಷ್ಟು ದಿನ, ಉಸಿರು ಹೇಗಿರುತ್ತದೆ, ನೋವಿಗೆ ಏನು ಕೊಡುತ್ತಾರೆ, ಎಲ್ಲ ಕೇಳಿಕೊಂಡಿದ್ದಾಳೆ. ನಿರ್ಧಾರ ನಿಮ್ಮದು ಎಂದಿದ್ದಾರೆ ಅವರು. ಕೇಂದ್ರದವರಿಗೆ ಒಂದು ಕಾಗದ ಕೊಡಬೇಕು. ಅವಳ ಸಹಿ, ಕೆಳಗೆ ಮನೆಯವರೊಬ್ಬರ ಸಹಿ.

"ಮಗಳ ಕೈಲಿ ಆಗಲ್ಲ ಕಣೋ. ನಾನು ಸಾಕು ಅಂದ ದಿನ ಸಹಿ ಹಾಕೋರು ಒಬ್ರು ಬೇಕು. ನಿಂಗೆ ಅಭ್ಯಾಸ ಇದೆ."

ಮಾರ್ಚಿನಲ್ಲಿ ನನ್ನನ್ನೇ ಕರೆಸಿದ್ದು ಯಾಕೆಂದು ಈಗ ತಿಳಿಯಿತು. ಮುಲಾಮು ಇಡಲು ಪಕ್ಕದ ಮನೆಯವಳೂ ಸಾಕಿತ್ತು.

ಆಗಲಿ ಅಂದೆ. ಯಾವತ್ತು ಎಂದು ಕೇಳಲಿಲ್ಲ.

ಮೇ ೭, ಬುಧವಾರ

೬:೨೦. ಉದ್ದ ತೋಳಿನ ರವಿಕೆ, ಗುಂಡಿ ಹಾಕಿತ್ತು. ಮೇಜಿನ ಮೇಲೆ ಕಾಗದ. ಅವಳ ಸಹಿ ಆಗಿತ್ತು.

"ಇವತ್ತು ಬೇಡ" ಅಂದಳು.

ಟ್ಯೂಬು ನನ್ನ ಕೈಯಲ್ಲೇ ಇತ್ತು. ಕೂತೆ. ಅವಳು ನಲ್ಲಿಯಿಂದ ಒಂದು ದೊಡ್ಡ ಲೋಟ ನೀರು ಹಿಡಿದು, ಅಳೆಯದೆ, ನಿಂತಲ್ಲೇ ಪೂರ್ತಿ ಕುಡಿದಳು. ಎಷ್ಟು ದಿನ ಆಗಿತ್ತು ಅಂದಳು. ಇನ್ನೊಂದು ಲೋಟ ಕುಡಿದಳು. ನನಗೆ ಟೀ ಕೊಟ್ಟಳು. ಸಕ್ಕರೆ ಇತ್ತು.

ಕಾಗದವನ್ನು ಮನೆಗೆ ಒಯ್ದು ಎರಡೂ ಬದಿ ಸರಿಯಾಗಿ ಓದಬೇಕು ಅಂದೆ. ಒಂದೇ ಬದಿ ಅಚ್ಚಾಗಿದೆ.

ಮೇ ೮, ಗುರುವಾರ

ಕಚೇರಿಯಲ್ಲಿ ಹದಿನಾಲ್ಕು ನಕ್ಷೆಗಳಿಗೆ ಸಹಿ ಹಾಕಿದೆ. ಕೈ ಸರಿಯಾಗಿಯೇ ಇದೆ.

ಕಾಗದದಲ್ಲಿ ಏಳು ಸಾಲು. ಭಾಷೆಯಲ್ಲಿ ತಪ್ಪಿಲ್ಲ. ನನ್ನ ಗೆರೆ ಎಡಗಡೆ, ಆರು ಸೆಂಟಿಮೀಟರ್. ಅಕ್ಕನ ಸಹಿ ಗೆರೆಗಿಂತ ಸ್ವಲ್ಪ ಮೇಲೆ ಬಿದ್ದಿದೆ, ಅವಳು ಯಾವತ್ತೂ ಹಾಗೆಯೇ. ಪೆನ್ನು ತೆಗೆದೆ. ಶಾಯಿ ಸರಿಯಿದೆಯೇ ಎಂದು ಬೇರೆ ಹಾಳೆಯಲ್ಲಿ ನೋಡಿದೆ. ಸರಿಯಿತ್ತು. ಇನ್ನೊಂದು ಪೆನ್ನು ನೋಡಿದೆ. ಆಮೇಲೆ ಅಡುಗೆಮನೆಯ ಕಪಾಟು ಒರೆಸಿದೆ.

ಮಗಳು ಫೋನು ಮಾಡಿ, ಅಮ್ಮನ ಮುಖ ಊದಿದೆ, ನಿನ್ನೆ ಸರಿಯಾಗಿ ಆಯ್ತಾ ಮಾಮಾ ಎಂದು ಕೇಳಿದಳು. ನಾಳೆ ಬೇಗ ಹೋಗುತ್ತೇನೆ ಎಂದು ಬೇರೆ ಏನನ್ನೋ ಉತ್ತರಿಸಿದೆ.

ಮೇ ೯, ಶುಕ್ರವಾರ

ಎಷ್ಟು ಗಂಟೆಗೆ ತಲುಪಿದೆನೋ ನೋಡಿಕೊಳ್ಳಲಿಲ್ಲ. ಬೀದಿದೀಪ ಇನ್ನೂ ಆರಿರಲಿಲ್ಲ. ಅವಳು ಗೋಡೆಗೆ ದಿಂಬು ಇಟ್ಟು ಕೂತೇ ಇದ್ದಳು. ಮಲಗಿದರೆ ಉಸಿರು ಸಿಗುವುದಿಲ್ಲವಂತೆ. ಪಾದಗಳು ಚಪ್ಪಲಿಗೆ ಹಿಡಿಸುತ್ತಿಲ್ಲ.

ಹಾಕಿದ್ಯಾ ಅಂದಳು.

ಕಾಗದ ಮೇಜಿನ ಮೇಲಿಟ್ಟೆ. ಅವಳು ನನ್ನ ಗೆರೆಯನ್ನು ನೋಡಿ, ಕಾಗದ ತಿರುಗಿಸಿ, ಖಾಲಿ ಬದಿಯನ್ನೂ ನೋಡಿದಳು.

"ಆಗ್ಲಿಲ್ಲ" ಅಂದೆ.

ಯಾಕೆ ಎಂದು ಅವಳು ಕೇಳಲಿಲ್ಲ. ಉಸಿರು ಎಳೆದುಕೊಳ್ಳುತ್ತ, ಮಧ್ಯೆ ಮಧ್ಯೆ ನಿಲ್ಲಿಸಿ ಹೇಳಿದಳು: "ನಿನ್ ಕೈಲೂ ಆಗಲ್ಲ ಅಂತ ಗೊತ್ತಿದ್ರೆ ಬೇರೆ ಯಾರನ್ನಾದ್ರೂ ಕರೀತಿದ್ದೆ. ಆವತ್ತು ಅಮ್ಮಂಗೆ ಹಾಕುವಾಗ ನಿನ್ ಕೈ ಒಂಚೂರೂ ನಡುಗ್ಲಿಲ್ಲ."

ಬೆಳಕಾಯಿತು. ಅವಳೇ ರವಿಕೆಯ ಗುಂಡಿ ಬಿಚ್ಚಿ, ಅದರ ತೋಳು ಮಡಿಸಿ, ಕೈಯನ್ನು ಮೇಜಿನ ಮೇಲೆ ಇಟ್ಟಳು. ಈ ಸಲ ಗೋಡೆಯ ಕಡೆ ತಿರುಗಲಿಲ್ಲ.

"ಇವತ್ತಿಗೆ ಮಾತ್ರ" ಅಂದಳು.

ಮೂರಕ್ಕೆ ಮತ್ತು ಆರಕ್ಕೆ ಇಟ್ಟೆ. ಮೇಲಿಂದ ಎಣಿಸಿ, ಕೆಳಗಿಂದ ಎಣಿಸಿ, ಮತ್ತೆ ಮೇಲಿಂದ ಎಣಿಸಿ ಇಟ್ಟೆ. ಒಂದು ಗಂಟೆ ಕಾದೆವು. ಮೆಟ್ಟಿಲು ಇಳಿಯಲು ಇಪ್ಪತ್ತು ನಿಮಿಷ ಆಯಿತು, ಬಾಡಿಗೆ ಕಾರು ಕರೆಸಿದೆ. ಎರಡು ಸೂಜಿಗೂ ಅವಳು ಅಲುಗಲಿಲ್ಲ. ಮೂರು ಲೀಟರ್ ನೀರು ತೆಗೆದರು. ಉಸಿರು ಇಳಿದ ಮೇಲೆ ಬಾಯಿ ತೆರೆದುಕೊಂಡು ಮಲಗಿದಳು. ಸೋಮವಾರದ ವಿಷಯ ಅವಳು ಹೇಳಲಿಲ್ಲ, ನಾನು ಕೇಳಲಿಲ್ಲ. ಕಾಗದ ಅವಳ ಚೀಲದಲ್ಲಿದೆ. ಮಗಳಿಗೆ ಇವತ್ತೇ ಎಲ್ಲ ಹೇಳಿದ್ದೇವೆ. ಕಾರ್ಖಾನೆಯ ಟೋಪಿ ತೆಗೆಯದೆಯೇ ಓಡಿಬಂದು, ಈಗ ಅಲ್ಲಿ ಇದ್ದಾಳೆ.

ನಾನು ಮನೆಗೆ ಬಂದು ಇದನ್ನು ಬರೆಯುತ್ತಿದ್ದೇನೆ. ಅವಳಿಗೆ ಕೊಡಬೇಕಾಗಿದ್ದ ಉತ್ತರ ದಾರಿಯಲ್ಲಿ ಸಿಕ್ಕಿತು.

ಅಕ್ಕಾ, ಆವತ್ತು ನೀನು ಒಳಗೆ ಬರಲೇ ಇಲ್ಲ. ಕಾರಿಡಾರಿನ ಕೊನೆಯಲ್ಲಿ ಕಿಟಕಿಗೆ ಮುಖ ಮಾಡಿ ನಿಂತಿದ್ದೆ, ಬಾಗಿಲು ಮುಚ್ಚಿತ್ತು. ವೈದ್ಯರು ಎರಡು ಸಲ ಬಗ್ಗಿ ನೆಲದಿಂದ ಪೆನ್ನು ಎತ್ತಿ ಕೊಟ್ಟರು. ನನ್ನ ಕೈ ನಡುಗಲಿಲ್ಲ ಎಂದು ನಿನಗೆ ಹೇಳಿದವರು ಯಾರು?